ಮಾದುವಿಗೆ ಇಟ್ಟ ದೃಷ್ಟಿಬೊಟ್ಟು

ದೇವನೂರಿನ ಬಸ್ ಸ್ಟಾಪಿನ ಪಕ್ಕದಲ್ಲಿ 'ನ್ಯೂ ಸ್ವಾಮಿ ಟೈಲರ್ಸ್' ಅಂತ ಒಂದು ಬೋರ್ಡಿದೆ. ಬೋರ್ಡಿನ ಅಕ್ಷರ ನೋಡಿ ಮೆಚ್ಚಿ ಒಳಗೆ ಬಂದವರು ಹೊಲಿಗೆ ನೋಡಿ ಮುಖ ಸಪ್ಪಗೆ ಮಾಡಿಕೊಂಡು ಹೋಗುತ್ತಾರೆ. ಬೋರ್ಡು ಬರೆದವನು ನನ್ನ ಸ್ನೇಹಿತ ನಾಗೇಂದ್ರ, ಹೊಲಿಯುವವನು ನಾನು, ನಂಜುಂಡಸ್ವಾಮಿ. ಇಪ್ಪತ್ತಾರು ವರ್ಷದ ಹಿಂದೆ ಬರೆದ ಬೋರ್ಡು, ಇವತ್ತಿಗೂ ಬಣ್ಣ ಬಿಟ್ಟಿಲ್ಲ. ಇಷ್ಟನ್ನು ಹೇಳುವುದಕ್ಕೂ ನನಗೆ ಒಳಗೊಳಗೇ ಭಯ. ಈಗಷ್ಟೇ ಎದ್ದು ಹೋಗಿ ಬಾಗಿಲಾಚೆ ಮೂರು ಸಲ ಥೂ ಥೂ ಅಂತ ಉಗಿದು ಬಂದಿದ್ದೇನೆ.

ಯಾಕೆ ಭಯ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಮೂರನೇ ಕ್ಲಾಸಿನಲ್ಲಿ ನನ್ನ ಕೈಬರಹ ಮುತ್ತು ಪೋಣಿಸಿದ ಹಾಗಿತ್ತು. ಮೇಷ್ಟ್ರು ನನ್ನ ಕಾಪಿ ಪುಸ್ತಕವನ್ನು ಎತ್ತಿ ಹಿಡಿದು, "ನೋಡ್ರೋ ಕತ್ತೆಗಳಾ, ಅಕ್ಷರ ಅಂದ್ರೆ ಇದು" ಎಂದರು. ಮಾರನೇ ದಿನವೇ ಹುಣಸೆಮರದಿಂದ ಬಿದ್ದು ಬಲಗೈ ಮುರಿದುಕೊಂಡೆ. ಮೂಳೆ ಕೂಡಿತು, ಆದರೆ ಸೊಟ್ಟಗೆ ಕೂಡಿತು. ಅಕ್ಷರ ಕೋಳಿ ಕೆದರಿದ ಹಾಗಾಯಿತು. ನನ್ನಜ್ಜಿ ಚಿಕ್ಕಮಾದಮ್ಮ ಮೇಷ್ಟ್ರ ಮನೆ ಮುಂದೆ ನಿಂತು ಒಂದು ಗಂಟೆ ಬೈದು ಬಂದಳು. ಆಮೇಲೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದಳು:

"ನಮ್ದು ಅನ್ನೋದ್ನ ಬಾಯ್ಬುಟ್ಟು ಒಗುಳ್ಬಾರ್ದು ಕಣ್ಲಾ ಮಗ. ಒಗುಳುದ್ರೆ ಕಣ್ ಬೀಳ್ತದೆ. ಚೆಂದಾಗಿದ್ರೆ ಚೆಂದಾಗಿಲ್ಲ ಅನ್ಬೇಕು. ಅದು ಬಾಯ್ಲಿ ಮಡಗೋ ದೃಷ್ಟಿಬೊಟ್ಟು."

ಆ ಮಾತು ನನ್ನ ರಕ್ತದಲ್ಲಿ ಸೇರಿಹೋಗಿದೆ. ಟೈಲರ್ ಆದ ಮೇಲೂ ಚಿಕ್ಕ ಮಕ್ಕಳ ಅಂಗಿಯ ಒಳಮಡಿಕೆಯಲ್ಲಿ, ತಾಯಂದಿರು ಕೇಳದಿದ್ದರೂ, ಕಪ್ಪು ದಾರದ ಒಂದು ಸೊಟ್ಟ ಹೊಲಿಗೆ ಹಾಕಿಯೇ ಕೊಡುತ್ತೇನೆ. ಉಳಿದ ಹೊಲಿಗೆಯೂ ಸೊಟ್ಟಗೇ ಇರುವುದರಿಂದ ಅದು ಎದ್ದು ಕಾಣುವುದಿಲ್ಲ ಎನ್ನುತ್ತಾಳೆ ನನ್ನ ಹೆಂಡತಿ ವನಜಾಕ್ಷಿ. ಅವಳ ಮಾತಿಗೆಲ್ಲ ನಾನು ಬೆಲೆ ಕೊಡುವುದಿಲ್ಲ.

ಇದೇ ಬುದ್ಧಿ ಇಟ್ಟುಕೊಂಡು ಮೂವತ್ತು ವರ್ಷದಿಂದ ನನ್ನ ಇಬ್ಬರು ಸ್ನೇಹಿತರನ್ನು ಕಾಪಾಡಿಕೊಂಡು ಬಂದಿದ್ದೇನೆ. ಒಬ್ಬ ಈ ನಾಗೇಂದ್ರ. ಫ್ಲೆಕ್ಸ್ ಬಂದ ಮೇಲೆ ಅವನಿಗೆ ಕೆಲಸ ಕಡಿಮೆಯಾಯಿತೇ ಹೊರತು ಕೈ ಕಡಿಮೆಯಾಗಲಿಲ್ಲ. ಸ್ಕೇಲಿಲ್ಲ, ದಾರವಿಲ್ಲ, ಕುಂಚ ಅದ್ದಿ ಶಾಲೆ ಗೋಡೆಯ ಈ ತುದಿಯಿಂದ ಆ ತುದಿಗೆ ಗೆರೆ ಎಳೆದರೆ ನೀರು ನಿಂತ ಹಾಗೆ ನೇರವಾಗಿರುತ್ತದೆ. ಪಕ್ಕದೂರಿನ ವಿಹಾರದಲ್ಲಿ ಅವನು ಬರೆದ ಬುದ್ಧನ ಮುಂದೆ ನಾನೊಮ್ಮೆ ಅರ್ಧ ಗಂಟೆ ಸುಮ್ಮನೆ ಕೂತಿದ್ದೆ. ಹೊರಗೆ ಬಂದು, "ಕಿವಿ ಜಾಸ್ತಿ ಉದ್ದ ಆಯ್ತು ಕಣ್ಲಾ" ಎಂದೆ.

ಇನ್ನೊಬ್ಬ ಮಾದು. ಬೀಗರೂಟಗಳಿಗೆ ಅಡುಗೆ ಮಾಡುವವನು. ಅವನ ವಿದ್ಯೆಯೆಲ್ಲ ಉಪ್ಪಿನಲ್ಲಿದೆ. ಹತ್ತು ಜನರ ಪಾತ್ರೆಯಾಗಲಿ, ಐನೂರು ಜನರ ಕೊಪ್ಪರಿಗೆಯಾಗಲಿ, ಅವನು ರುಚಿ ನೋಡಿದ್ದನ್ನು ಕಂಡವರಿಲ್ಲ. ಒಲೆ ಹಚ್ಚುವ ಮೊದಲೇ ಬೇಕಾದಷ್ಟು ಉಪ್ಪನ್ನು ಒಂದು ಬಾಳೆಎಲೆಯ ತುಂಡಿನ ಮೇಲೆ ತೆಗೆದಿಡುತ್ತಾನೆ. ಸಾರು ಕೊತಕೊತ ಕುದಿಯುವಾಗ ಪಕ್ಕದಲ್ಲಿ ಕಣ್ಣು ಮುಚ್ಚಿ ನಿಂತು ಸದ್ದು ಕೇಳುತ್ತಾನೆ. ಸದ್ದು ಯಾವುದೋ ಒಂದು ಹದಕ್ಕೆ ತಗ್ಗಿದಾಗ ಎಲೆಯೆತ್ತಿ ಸುರಿದುಬಿಡುತ್ತಾನೆ. ಆಮೇಲೆ ಆ ಕಡೆ ತಿರುಗಿಯೂ ನೋಡುವುದಿಲ್ಲ. ಬದನವಾಳಿನ ಒಂದು ಮದುವೆಯಲ್ಲಿ ಅವನ ಬಾಡಿನ ಸಾರು ಉಂಡ ಮುದುಕರೊಬ್ಬರು, ಇನ್ನು ಸತ್ತರೂ ಚಿಂತೆಯಿಲ್ಲ ಎಂದು ಎಲೆ ಮುಂದೆಯೇ ಕಣ್ಣೀರು ಹಾಕಿದ್ದರು.

ಇಂಥವನಿಗೆ ಕಣ್ಣು ಬೀಳದೆ ಇರುತ್ತದೆಯೆ? ಅದಕ್ಕೇ ನಾನು ಅವನ ಸಾರು ಉಂಡು, ಬೆರಳು ನೆಕ್ಕಿ, ಕೈ ತೊಳೆಯುತ್ತಾ, "ದನ ಮೂಸಲ್ಲ ಕಣ್ಲಾ ನಿನ್ ಸಾರ" ಎನ್ನುತ್ತಿದ್ದೆ. ಮೂರು ಸಲ ಹಾಕಿಸಿಕೊಂಡ ದಿನ, "ನಾಯೂ ಮೂಸಲ್ಲ" ಎನ್ನುತ್ತಿದ್ದೆ. ನನ್ನ ಬಾಯಲ್ಲಿ ಅದಕ್ಕಿಂತ ದೊಡ್ಡ ಬಿರುದಿಲ್ಲ. ಮಾದು ಸುಮ್ಮನೆ ನಗುತ್ತಿದ್ದ. ಅವನಿಗೆ ಎಲ್ಲ ಅರ್ಥವಾಗುತ್ತದೆ ಎಂದೇ ನಾನು ನಂಬಿಕೊಂಡಿದ್ದೆ.

ಹೋದ ಮಾರ್ಚ್ ತಿಂಗಳ ಒಂದು ಗುರುವಾರ ಅಂಗಡಿ ಮುಂದೆ ಒಂದು ಬೈಕ್ ನಿಂತಿತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಒಂದು ನೀಲಿ ಪೆನ್ನು, ಒಂದು ಕೆಂಪು ಪೆನ್ನು, ಕೈಯಲ್ಲಿ ಡೈರಿ.

"ನಾನು ಮರಿಸ್ವಾಮಿ, ರಿಟೈರ್ಡ್ ಹೆಡ್‌ಮಾಸ್ಟರ್, ಟಿ. ನರಸೀಪುರ" ಎಂದರು. "ನಮ್ಮ ಅಕ್ಕನ ಮಗ ದೀಪಕ್‌ಗೆ ನಿಮ್ಮೂರ ಮಾದು ಅವರ ಮಗಳು ಗೌತಮಿಯನ್ನ ಕೇಳಿದ್ದೀವಿ. ಮಾದು ಅವರಿಗೆ ತುಂಬ ಬೇಕಾದವರು ನೀವೇ ಅಂದ್ರು. ನಾಲ್ಕು ಮಾತು ವಿಚಾರಿಸಿಕೊಂಡು ಹೋಗೋಣ ಅಂತ ಬಂದೆ."

ನನಗೆ ಎಲ್ಲ ಗೊತ್ತಿತ್ತು. ಗೌತಮಿ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು, ದೀಪಕ್ ರೆವಿನ್ಯೂ ಇಲಾಖೆಯಲ್ಲಿದ್ದಾನೆ. ಇಬ್ಬರೂ ಕಾಲೇಜಿನಿಂದ ಪರಿಚಯ, ಒಬ್ಬರಿಗೊಬ್ಬರು ಒಪ್ಪಿಯೂ ಆಗಿದೆ. ನಮ್ಮ ಕಡೆ ಸಂಬಂಧ ಕುದುರುವ ಮುಂಚೆ ಊರಿಗೆ ಬಂದು ವಿಚಾರಿಸುವ ಒಂದು ಶಾಸ್ತ್ರ ಇದೆಯಲ್ಲ, ಅಷ್ಟೇ ಬಾಕಿ. ಕಣ್ಣು ಬೀಳುವುದಕ್ಕೆ ಇದಕ್ಕಿಂತ ಒಳ್ಳೆ ಹೊತ್ತು ಬೇಕೆ? ಇವತ್ತು ಬೊಟ್ಟು ಸ್ವಲ್ಪ ದೊಡ್ಡದಾಗಿಯೇ ಇಡಬೇಕು ಎಂದು ತೀರ್ಮಾನಿಸಿದೆ.

"ಮಾದೂನಾ? ಅಯ್ಯೋ ಬುಡಿ ಸಾ. ಅವ್ನ ಸಾರ ದನ ಮೂಸಲ್ಲ."

ಮೇಷ್ಟ್ರು ನೀಲಿ ಪೆನ್ನು ತೆಗೆದು ಬರೆದುಕೊಂಡರು. "ಮನುಷ್ಯ ಹೇಗೆ?"

"ಮನ್ಸನಾ ಅವ್ನು? ಒಲೆ ಮುಂದೆ ಬಿದ್ದಿರೋ ಕೊರಡು. ಮಾತಿಲ್ಲ ಕತೆಯಿಲ್ಲ. ಶುದ್ಧ ಸೋಂಬೇರಿ."

"ಹುಡುಗಿ?"

ಗೌತಮಿ ನಾನು ಎತ್ತಿ ಆಡಿಸಿದ ಕೂಸು. ಅವಳ ಮೊದಲ ಫ್ರಾಕಿಗೆ ಕಪ್ಪು ದಾರದ ಹೊಲಿಗೆ ಒಂದಲ್ಲ, ಎರಡು ಹಾಕಿದ್ದೆ.

"ಏನ್ ಹುಡ್ಗೀನೋ ಸಾ. ಅವ್ಳು ಪಾಠ ಮಾಡುದ್ರೆ ಐಕ್ಳು ನಿದ್ದೆ ಮಾಡ್ತವಂತೆ. ಮನೆ ಕೆಲ್ಸಾನೂ ಅಷ್ಟ್ರಲ್ಲೇ ಅದೆ."

ಮೇಷ್ಟ್ರು ಈ ಸಲ ಕೆಂಪು ಪೆನ್ನು ತೆಗೆದು ಅಡಿಗೆರೆ ಎಳೆದರು. ನಮ್ಮ ಮಾತಿನ ಹಿಂದಿನ ಮಾತು ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ ಎಂದುಕೊಂಡು ನಾನು ಕಣ್ಣು ಮಿಟುಕಿಸಿದೆ. ಅವರು ಕಣ್ಣಿಗೆ ಧೂಳು ಬಿತ್ತೇನೋ ಎಂದು ಕೇಳಿ, ಥ್ಯಾಂಕ್ಸ್ ಹೇಳಿ ಹೊರಟುಹೋದರು. ನಾನು ನೆಮ್ಮದಿಯಿಂದ ಮಷೀನ್ ತುಳಿದೆ. ಅವತ್ತು ಎರಡು ಬ್ಲೌಸ್ ನೇರವಾಗಿ ಬಂದವು.

ಶನಿವಾರ ಬೆಳಿಗ್ಗೆ ಮಾದುವಿನ ಹೆಂಡತಿ ಯಶೋಧರಾ ಅಂಗಡಿಗೆ ಬಂದಳು. ಅಳತೆ ಬ್ಲೌಸ್ ತಂದಿರಲಿಲ್ಲ. ಮುಖ ನೋಡಿಯೇ ನಾನು ಕತ್ತರಿ ಕೆಳಗಿಟ್ಟೆ.

"ಬಾವ, ಆ ಮೇಷ್ಟ್ರಿಗೆ ಏನ್ ಯೋಳುದ್ರಿ ನೀವು?"

"ಯಾಕವ್ವ, ಏನಾಯ್ತು?"

"ನರಸೀಪುರದಿಂದ ಫೋನ್ ಬಂತು. ನಿಮ್ಮ ಆಪ್ತರೇ ಇಂಗಂದ್ ಮ್ಯಾಲೆ ನಾವು ಯೋಚ್ನೆ ಮಾಡ್ಬೇಕಾಯ್ತದೆ ಅಂದ್ರು. ಗೌತಮಿ ನಿನ್ನೆಯಿಂದ ಸರ್ಯಾಗ್ ಉಂಡಿಲ್ಲ."

ದೃಷ್ಟಿಯ ವಿಷಯ ಬಿಡಿಸಿ ಹೇಳಿದೆ. ಹೇಳಬಾರದಿತ್ತು. ಯಶೋಧರಾ ವಿಹಾರದ ಮಹಿಳಾ ಸಂಘದ ಕಾರ್ಯದರ್ಶಿ.

"ದೃಷ್ಟಿಯಂತೆ ದೃಷ್ಟಿ! ವಾರ ವಾರ ವಿಹಾರದಲ್ಲಿ ಇಂದ್ಗಡೆ ಕೂತ್ಕಂಡು ನೀವು ಕಲ್ತಿದ್ದು ಇದೇನಾ? ಓಗಿ. ನರಸೀಪುರಕ್ಕೆ ಓಗಿ, ಇರೋದ್ನ ಇರೋ ಅಂಗೆ ಯೋಳಿ ಬನ್ನಿ. ಅಲ್ಲಿ ಓಗಿ ದೃಷ್ಟಿ ಗಿಷ್ಟಿ ಅಂತ ಬಾಯ್ಬುಟ್ರೆ ನೋಡಿ ಮತ್ತೆ! ಓದ್ದೋರ ಮನೆ ಅದು."

ಅವಳು ಹೋದ ಮೇಲೆ ಕಂಡಿತು, ಬಾಗಿಲ ಪಕ್ಕದಲ್ಲಿ ಮಾದು ನಿಂತಿದ್ದ. ಬೈಯುವುದಕ್ಕೆ ಬಂದಿದ್ದಾನೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಸ್ವಾಮಿ, ನಿಜ್ವಾಗ್ಲೂ ಅಂಗೇ ಅನ್ಕಂಡಿದ್ದೀಯೇನ್ಲಾ?"

"ಏನ?"

"ನನ್ ಸಾರ."

ನಗಬೇಕೆಂದುಕೊಂಡೆ. ಅವನ ಮುಖ ನೋಡಿ ನಗು ಬರಲಿಲ್ಲ.

"ಊರೋರು ಒಗುಳ್ತಾರೆ ಸರಿ. ಬಾಡೂಟ ಸಿಕ್ಕುದ್ರೆ ಯಾರಾದ್ರೂ ಒಗುಳ್ತಾರೆ. ನಿಜ ಯೋಳೋನು ನೀನೊಬ್ನೇ ಅನ್ಕಂಡಿದ್ದೆ. ಒಂದ್ ದಿವ್ಸ ಆದ್ರೂ ನೀ ಚೆಂದಾಗದೆ ಅನ್ಲಿ ಅಂತ್ಲೇ ಮೂವತ್ ವರ್ಸದಿಂದ ಖಾರ ಬದ್ಲಾಯಿಸ್ತಾ ಬಂದೆ ಕಣ್ಲಾ."

ಇಷ್ಟು ಹೇಳಿ ಅವನು ಹೋದ. ವರ್ಷದಿಂದ ವರ್ಷಕ್ಕೆ ಅವನ ಸಾರು ಯಾಕೆ ಅಷ್ಟು ರುಚಿಯಾಗುತ್ತಾ ಹೋಯಿತು ಎಂಬುದು ಅವತ್ತು ತಿಳಿಯಿತು. ತಿಳಿದು ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮಾರನೇ ದಿನ, ಭಾನುವಾರ, ನಾಗೇಂದ್ರನ ಮೊಪೆಡ್ ಮೇಲೆ ಇಬ್ಬರೂ ನರಸೀಪುರಕ್ಕೆ ಹೊರಟೆವು. ರಸ್ತೆಯ ಒಂದು ಕಡೆ ನಾಲೆ, ಇನ್ನೊಂದು ಕಡೆ ಭತ್ತದ ಗದ್ದೆ. ಬೈಯುವುದಾದರೆ ಗಂಟೆಗಟ್ಟಲೆ ಬೈಯುತ್ತಿದ್ದೆ. ಹೊಗಳುವುದಕ್ಕೆ ಎಲ್ಲಿಂದ ಶುರು ಮಾಡಬೇಕು ಎನ್ನುವುದೇ ಗೊತ್ತಿಲ್ಲ.

"ಪ್ರಾಕ್ಟೀಸ್ ಮಾಡ್ಕೊ" ಎಂದ ನಾಗೇಂದ್ರ. "ಇನ್ನೂ ಅರ್ಧ ದಾರಿ ಅದೆ. ನನ್ ಮ್ಯಾಲೇ ಮಾಡು."

"ನಿನ್ ಮ್ಯಾಲೆ ಬ್ಯಾಡ ಕಣ್ಲಾ. ಗಾಡಿ ಓಡುಸ್ತಾ ಇದ್ದೀಯ."

"ಎದ್ರುಕೋಬೇಡ, ಯೋಳು."

ಕಣ್ಣು ಮುಚ್ಚಿಕೊಂಡು ಹೇಳಿದೆ. "ನಾಗೇಂದ್ರ, ಆ ಬುದ್ಧನ ಕಿವಿ ಉದ್ದ ಆಗಿಲ್ಲ ಕಣ್ಲಾ. ಸರ್ಯಾಗೇ ಅದೆ. ಆ ಮಕ ನೋಡ್ತಾ ಕೂತಿದ್ರೆ ನಂಗೆ ನಮ್ಮಜ್ಜಿ ಗ್ಯಾಪ್ನ ಬಂತು. ನನ್ ಅಂಗ್ಡಿಗೆ ಜನ ಬರೋದು ನಿನ್ ಅಕ್ಸರ ನೋಡಿ, ನನ್ ಒಲ್ಗೆ ನೋಡಿ ಅಲ್ಲ."

ಎರಡು ಕ್ಷಣ ಏನೂ ಆಗಲಿಲ್ಲ. ಮೂರನೇ ಕ್ಷಣದಲ್ಲಿ ಮೊಪೆಡ್ ರಸ್ತೆ ಬಿಟ್ಟು ಗದ್ದೆಗೆ ಇಳಿಯಿತು. ಕಣ್ಣು ಬಿಟ್ಟಾಗ ನಾವಿಬ್ಬರೂ ಮೊಣಕಾಲುದ್ದ ಕೆಸರಿನಲ್ಲಿ ನಿಂತಿದ್ದೆವು.

"ನೋಡ್ದಾ? ನೋಡ್ದಾ?" ಎಂದು ನಾನು ಕೂಗಿದೆ. "ಅಜ್ಜಿ ಯೋಳಿದ್ದು ಸುಳ್ಳಾ?"

"ಇದು ದೃಷ್ಟಿ ಅಲ್ಲ ಕಣ್ಲಾ. ನಾನು ರಸ್ತೆ ಬುಟ್ಟು ಇಂದಕ್ ತಿರ್ಗಿ ನಿನ್ ಮಕ ನೋಡ್ದೆ."

"ಯಾಕ್ ನೋಡ್ದೆ?"

ನಾಗೇಂದ್ರ ಕೆಸರಿನಿಂದ ಚಪ್ಪಲಿ ಕೀಳುತ್ತಾ ಹೇಳಿದ: "ಮೂವತ್ ವರ್ಸ ಆದ್ ಮ್ಯಾಲೆ ಒಂದ್ ಒಳ್ಳೆ ಮಾತಾಡ್ದೆ. ನೋಡ್ದೇ ಇರಕ್ಕಾಯ್ತದಾ?"

ಕೆಸರು ಕಾಲಿನಲ್ಲೇ ಮರಿಸ್ವಾಮಿ ಮೇಷ್ಟ್ರ ಮನೆ ಸೇರಿದೆವು. ಜಗುಲಿಯ ಮೇಲೆ ಅವರ ತಾಯಿ ಕೆಂಪಾಜಮ್ಮ ಎಲೆಅಡಿಕೆ ಹಾಕಿಕೊಂಡು ಕೂತಿದ್ದರು. ಎಂಬತ್ತು ದಾಟಿದ ಜೀವ. ಆ ಮನೆಯಲ್ಲಿ ಕೊನೆಯ ಮಾತು ಅವರದು ಎಂದು ಯಶೋಧರಾ ಮೊದಲೇ ಹೇಳಿ ಕಳಿಸಿದ್ದಳು. ನಾನು ಕೈಮುಗಿದು, ಸನ್ಮಾನ ಸಮಾರಂಭಗಳ ಮೈಕಿನಲ್ಲಿ ಕೇಳಿದ್ದನ್ನೆಲ್ಲ ನೆನಪಿಸಿಕೊಂಡು ಶುರುಮಾಡಿದೆ.

"ಮಾದು ಅವರು ಸರಳ ಸಜ್ಜನಿಕೆಯ ಸಾಕಾರಮೂರ್ತಿ. ಅಜಾತಶತ್ರು. ಬಹುಮುಖ ಪ್ರತಿಭೆ..."

ಮೇಷ್ಟ್ರು ಕೈಯೆತ್ತಿ ತಡೆದರು. ಡೈರಿ ತೆಗೆದು ಓದಿದರು. "ಗುರುವಾರ ಹನ್ನೊಂದೂವರೆಗೆ ಶುದ್ಧ ಸೋಂಬೇರಿ. ಭಾನುವಾರ ಹನ್ನೆರಡಕ್ಕೆ ಸಾಕಾರಮೂರ್ತಿ. ನಾನು ಯಾವುದನ್ನ ಇಟ್ಟುಕೊಳ್ಳಲಿ ಸ್ವಾಮಿಯವರೇ? ಈ ಮೂರು ದಿನದಲ್ಲಿ ಅವರು ಅಷ್ಟೊಂದು ಸುಧಾರಿಸಿದರಾ?"

ದೃಷ್ಟಿ ಎನ್ನುವ ಹಾಗಿಲ್ಲ, ಯಶೋಧರಾಳ ಕಟ್ಟಪ್ಪಣೆ. ಬೇರೆ ಕಾರಣ ನನ್ನ ಹತ್ತಿರ ಇಲ್ಲ. "ಗುರ್ವಾರ ಯೋಳಿದ್ದು ಸುಳ್ಳು ಸಾ" ಎಂದಷ್ಟೇ ಹೇಳಿ ತಲೆ ತಗ್ಗಿಸಿದೆ. ನಾಗೇಂದ್ರ ಜಂತೆ ಎಣಿಸುತ್ತಾ ನಿಂತಿದ್ದ.

ಆಗ ಕೆಂಪಾಜಮ್ಮ ಬಾಯಿ ಬಿಟ್ಟರು. "ಒಗುಳೋದ್ ಬುಡು ಮಗ. ಆ ಮಾತೆಲ್ಲ ಎಂ.ಎಲ್.ಎ.ಗೂ ಯೋಳ್ತಾರೆ. ಅವ್ನು ಏನ್ ಮಾಡ್ದ, ಅದ್ನ ಯೋಳು."

ಅದನ್ನು ಹೇಳುವುದಕ್ಕೆ ಯಾರ ಮೈಕೂ ಬೇಕಾಗಿರಲಿಲ್ಲ.

ಮೂರು ವರ್ಷದ ಹಿಂದೆ ವನಜಾಕ್ಷಿಗೆ ಟೈಫಾಯ್ಡ್ ಆಗಿತ್ತು. ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೂ ಬಾಯಿಗೆ ಏನಿಟ್ಟರೂ ವಾಂತಿ. ನಾನು ಮಾಡಿದ ಗಂಜಿಯನ್ನಂತೂ ವಾಸನೆಗೇ ದೂರ ತಳ್ಳುತ್ತಿದ್ದಳು. ಒಂದು ದಿನ ಬೆಳಿಗ್ಗೆ ಐದು ಗಂಟೆಗೆ ಮಾದು ಬಾಗಿಲು ತಟ್ಟಿದ. ಕೈಯಲ್ಲಿ ಟಿಫನ್ ಕ್ಯಾರಿಯರು, ಒಳಗೆ ಬಿಸಿ ರಾಗಿ ಗಂಜಿ. "ಮನೇಲಿ ಮಿಕ್ಕಿತ್ತು" ಎಂದ. ವನಜಾಕ್ಷಿ ಎರಡು ಲೋಟ ಕುಡಿದಳು, ಕುಡಿದದ್ದು ಒಳಗೆ ನಿಂತಿತು. ಮಾರನೇ ದಿನವೂ ಐದಕ್ಕೆ ಬಂದ, ಮಿಕ್ಕಿತ್ತು ಎಂದ. ಇಪ್ಪತ್ತೆರಡು ದಿನ ಬಂದ. ನಡುವೆ ಎರಡು ಸಲ ಬೀಗರೂಟದ ಕೊಪ್ಪರಿಗೆ ಇಳಿಸಿ, ನಿದ್ದೆಯಿಲ್ಲದೆ ಹಾಗೇ ನೇರವಾಗಿ ಬಂದಿದ್ದ.

"ಬೆಳಿಗ್ಗೆ ಐದ್ ಗಂಟೇಲಿ ಯಾರ್ ಮನೇಲಿ ಸಾ ಬಿಸಿ ಗಂಜಿ ಮಿಕ್ಕಿರ್ತದೆ?" ಎಂದು ಮೇಷ್ಟ್ರನ್ನೇ ಕೇಳಿದೆ. "ನಂಗೆ ಗೊತ್ತಿತ್ತು. ಅವ್ನಿಗೆ ಒಂದ್ ಮಾತ್ ಯೋಳ್ಲಿಲ್ಲ. ಇಪ್ಪತ್ಮೂರ್ನೇ ದಿವ್ಸ ನಮ್ಮೋಳು ಮುದ್ದೆ ಕೇಳುದ್ಲು. ನಾನು ಇತ್ಲಿಗೆ ಓಗಿ ಅತ್ಬುಟ್ಟೆ. ಅವ್ನು ಸೋಂಬೇರಿ ಅಲ್ಲ ಸಾ. ಅವ್ನಂತೋನು ನಂಗೆ ಸ್ನೇಹಿತ ಆಗಿರೋದೇ ನನ್ ಪುಣ್ಯ."

ಮೇಷ್ಟ್ರು ಪೆನ್ನಿನ ಕ್ಯಾಪು ತೆಗೆದವರು ಬರೆಯದೆ ಹಾಗೇ ಕೂತಿದ್ದರು.

ಕೆಂಪಾಜಮ್ಮ ಒಂದೇ ಪ್ರಶ್ನೆ ಕೇಳಿದರು. "ಗಂಜಿಗೆ ಉಪ್ಪು ಎಂಗಿತ್ತು?"

"ಸರ್ಯಾಗಿತ್ತು ಅವ್ವ. ದಿನಾಲೂ."

"ಕಾಯ್ಲೆಯೋರ ಬಾಯ್ಗೆ ಉಪ್ ಸರಿ ಮಾಡೋದು ಸುಲ್ಬ ಅಲ್ಲ" ಎಂದರು. "ಬರೋ ಭಾನ್ವಾರ ಬತ್ತೀವಿ ಅನ್ನು. ಅವ್ನ ಕೈ ಅಡ್ಗೆನೇ ಆಗ್ಬೇಕು."

ಎದ್ದು ಬರುವಾಗ ಮೇಷ್ಟ್ರು ಒಂದು ಕೊಕ್ಕೆ ಇಟ್ಟರು. ಇವತ್ತು ಹೇಳಿದ್ದನ್ನೇ ಮಾದುವಿನ ಮನೆಯಲ್ಲಿ ಎಲ್ಲರ ಎದುರಿಗೆ ನಾನು ಇನ್ನೊಮ್ಮೆ ಹೇಳಬೇಕು. ಎರಡು ಕಡೆಯೂ ಒಂದೇ ಮಾತು ಬಂದರೆ ಡೈರಿಯಲ್ಲಿರುವ ಗುರುವಾರವನ್ನು ಅವರು ಹೊಡೆದುಹಾಕುತ್ತಾರೆ.

ಆ ವಾರ ಪೂರ್ತಿ ನನಗೆ ಊಟ ಸೇರಲಿಲ್ಲ. ನಾಗೇಂದ್ರನನ್ನು ಬೆನ್ನ ಹಿಂದೆ ಕೂತು ಹೊಗಳಿದ್ದಕ್ಕೇ ಗದ್ದೆಗೆ ಬಿದ್ದಿದ್ದೆವು. ಮಾದುವನ್ನು ಎದುರಿಗೆ ನಿಲ್ಲಿಸಿಕೊಂಡು, ಅದೂ ಹತ್ತು ಜನರ ಮುಂದೆ, ಕೊಪ್ಪರಿಗೆ ಬೆಂಕಿ ಮೇಲಿರುವಾಗ ಹೊಗಳಿದರೆ ಏನಾದೀತು? ಸಾರು ಮೈಮೇಲೆ ಚೆಲ್ಲಿದರೆ? ಯಶೋಧರಾ ನನ್ನನ್ನು ಮೂಢ ಅನ್ನಲಿ. ಸೊಟ್ಟ ಕೈ ನನ್ನದು, ಅವಳದಲ್ಲ.

ಭಾನುವಾರ ಬಂತು. ನಾಗೇಂದ್ರ ಎರಡು ದಿನ ಮೊದಲೇ ಬಂದು ಮಾದುವಿನ ಮನೆಯ ಗೋಡೆಗೆ ಬಣ್ಣ ಹೊಡೆದು, ಬಾಗಿಲ ಸುತ್ತ ಒಂದು ಬಳ್ಳಿ ಬರೆದಿದ್ದ. ನೋಡಿದವರು ಹೂವೆಂದು ಮೂಸಬೇಕು, ಹಾಗಿತ್ತು. ನಾನು ಏನೂ ಅನ್ನಲಿಲ್ಲ. ಒಂದೇ ದಿನಕ್ಕೆ ಇಬ್ಬರನ್ನು ಹೊಗಳುವಷ್ಟು ಧೈರ್ಯ ನನಗಿರಲಿಲ್ಲ.

ನರಸೀಪುರದವರು ಕಾರಿನಿಂದ ಇಳಿದು ನಡುಮನೆಯಲ್ಲಿ ಕೂತರು. ನಾನು ಮೆಲ್ಲಗೆ ಹಿತ್ತಿಲಿಗೆ ಜಾರಿದೆ. ಮಾದು ಬಗ್ಗಿ ಒಲೆ ಊದುತ್ತಿದ್ದ. ಪಕ್ಕದಲ್ಲಿ ಬಾಳೆಎಲೆಯ ಮೇಲೆ ಉಪ್ಪಿತ್ತು, ಬುಟ್ಟಿಯಲ್ಲಿ ಒಣಮೆಣಸಿನಕಾಯಿ ಇತ್ತು. ಎಲೆಯ ಮೇಲಿನ ಆ ಉಪ್ಪು ಯಾಕಿದೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಇಡೀ ತಾಲ್ಲೂಕಿನಲ್ಲಿ ಇಲ್ಲ. ಆ ಗಳಿಗೆಯಲ್ಲಿ ಮಾತ್ರ ಹೊಳೆಯಲಿಲ್ಲ. ಅಷ್ಟನ್ನೂ ಬಾಚಿಕೊಂಡು, ನಾಲ್ಕು ಮೆಣಸಿನಕಾಯಿ ಸೇರಿಸಿ, ಅವನ ಬೆನ್ನ ಹಿಂದೆ ಮೂರು ಸಲ ನಿವಾಳಿಸಿ ಒಲೆಗೆ ಹಾಕಿಬಿಟ್ಟೆ. ಉಪ್ಪು ಚಟಪಟ ಸಿಡಿಯಿತು.

"ಏನ್ಲಾ ಅದು?" ಎಂದು ಮಾದು ತಿರುಗಿದ.

"ಏನಿಲ್ಲ. ಸೌದೆ ಅಸಿ."

ಮೆಣಸಿನಕಾಯಿ ಸುಟ್ಟರೂ ಘಾಟೇ ಬರಲಿಲ್ಲ. ಘಾಟು ಬರಲಿಲ್ಲ ಅಂದರೆ ದೃಷ್ಟಿ ಬಲವಾಗಿತ್ತು ಅಂತ ಅರ್ಥ. ಸದ್ಯ, ತೆಗೆದೆನಲ್ಲ ಎಂದು ಎದೆ ಹಗುರ ಮಾಡಿಕೊಂಡು ನಡುಮನೆಗೆ ಹೋದೆ.

ಮೇಷ್ಟ್ರು ಡೈರಿ ಬಿಚ್ಚಿದರು. ನಾನು ಎದ್ದು ನಿಂತು ಎಲ್ಲ ಹೇಳಿದೆ. ಟೈಫಾಯ್ಡು, ಐದು ಗಂಟೆ, ಟಿಫನ್ ಕ್ಯಾರಿಯರು, ಇಪ್ಪತ್ತೆರಡು ದಿನ. ಅಡುಗೆಮನೆಯ ಬಾಗಿಲಲ್ಲಿ ಮಾದು ಸೌಟು ಹಿಡಿದುಕೊಂಡು ಬಂದು ನಿಂತದ್ದು ಕಂಡಿತು. ಅವನ ಮುಖ ನೋಡಿದರೆ ಮಾತು ನಿಂತುಹೋಗುತ್ತದೆಂದು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿಕೊಂಡು ಮುಗಿಸಿದೆ. ತಿರುಗಿ ನೋಡಿದಾಗ ಅವನು ಇರಲಿಲ್ಲ. ಗೌತಮಿ ಮಾತ್ರ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಎಲೆ ಹಾಕಿದರು. ಮುದ್ದೆ ಬಂತು, ಬಾಡಿನ ಸಾರು ಬಂತು. ಘಮ ಮಾತ್ರ ಬೀದಿಯವರೆಗೂ ಹೋಗಿತ್ತು. ಕೆಂಪಾಜಮ್ಮ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟರು. ದವಡೆ ಅಲ್ಲೇ ನಿಂತಿತು. ಅವರು ಮಗನ ಕಡೆ ನೋಡಿದರು. ಮಗ ಒಂದು ತುತ್ತು ತಿಂದು ದೀಪಕ್‌ನ ಕಡೆ ನೋಡಿದರು. ದೀಪಕ್ ಪಾಪ, ಗೌತಮಿಯ ಕಡೆ ನೋಡಿ, "ತುಂಬ ಚೆನ್ನಾಗಿದೆ" ಎಂದ.

ಮಾದುವಿಗೆ ಏನೋ ಅನುಮಾನ ಬಂತು. ಮೂವತ್ತು ವರ್ಷದಲ್ಲಿ ಮೊದಲ ಸಲ ಸಾರಿನಲ್ಲಿ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡ. ಅವನ ಮುಖ ಬೂದಿಯಾಯಿತು.

"ಉಪ್ಪಾಕಿಲ್ಲ" ಎಂದ. "ಎಲೆ ಖಾಲಿ ಇತ್ತು. ಆಕಿದ್ದೀನಿ ಅನ್ಕಂಡೆ. ಇವ್ನು ಏನೇನೋ ಯೋಳ್ಬುಟ್ನಾ, ಕಣ್ಣು ಮಂಜಾಗಿತ್ತು, ತಲೆ ಓಡ್ಲಿಲ್ಲ. ತೆಪ್ಪಾಯ್ತು, ಎಲ್ರೂ ಮಾಫ್ ಮಾಡ್ಬೇಕು."

ಮಾದು ಎಲ್ಲರಿಗೂ ಕೈಮುಗಿದು ನಿಂತಿದ್ದ. ಮೇಷ್ಟ್ರ ಕೈ ಜೇಬಿನ ಕೆಂಪು ಪೆನ್ನಿನ ಮೇಲಿತ್ತು. ಸುಮ್ಮನಿದ್ದಿದ್ದರೆ ನಾನು ಬಚಾವಾಗುತ್ತಿದ್ದೆ. ಆದರೆ ಉಪ್ಪಿನ ವಿಷಯದಲ್ಲಿ ಮಾದು ತಪ್ಪು ಮಾಡಿದ ಎನ್ನುವ ಮಾತನ್ನು, ಅವನೇ ಹೇಳಿದರೂ, ಕೇಳಿಕೊಂಡು ಕೂರುವುದು ನನ್ನಿಂದಾಗಲಿಲ್ಲ.

"ಅವ್ನು ಮರ್ತಿಲ್ಲ ಸಾ!" ಎಂದು ಕೂಗಿಬಿಟ್ಟೆ. "ಉಪ್ಪ ನಾನೇ ಸುಟ್ಟೆ. ಇವ್ನ ಒಗುಳುದ್ರೆ ಕಣ್ ಬೀಳ್ತದೆ ಅಂತ ನಿವಾಳ್ಸಿ ಒಲೆಗಾಕ್ಬುಟ್ಟೆ. ಗುರ್ವಾರ ನಿಮ್ಗೆ ಅಂಗ್ ಯೋಳಿದ್ದೂ ಅದ್ಕೇಯ. ದನ ಮೂಸಲ್ಲ ಅಂದ್ರೆ ನನ್ ಬಾಯ್ಲಿ ಚೆಂದಾಗದೆ ಅಂತ. ನಾಯೂ ಮೂಸಲ್ಲ ಅಂದ್ರೆ ಅದ್ಕಿಂತ್ಲೂ ಚೆಂದಾಗದೆ ಅಂತ."

ಯಶೋಧರಾ ಹಣೆ ಚಚ್ಚಿಕೊಂಡಳು. ನಾಗೇಂದ್ರ ಎಲೆಯ ಮೇಲೆ ಬಗ್ಗಿ ಭುಜ ಕುಣಿಸುತ್ತಾ ನಗುತ್ತಿದ್ದ. ಮಾದು ಮಾತ್ರ ನಗಲಿಲ್ಲ. ನನ್ನನ್ನೇ ದಿಟ್ಟಿಸಿ ನೋಡುತ್ತಿದ್ದ, ಹಳೆಯ ಒಂದೊಂದೇ ಊಟವನ್ನು ನೆನಪಿಗೆ ತಂದುಕೊಳ್ಳುವವನ ಹಾಗೆ.

ಕೆಂಪಾಜಮ್ಮ ಎಡಗೈಯಲ್ಲಿ ಸೆರಗಿನ ತುದಿ ಎಳೆದುಕೊಂಡು ಗಂಟು ಬಿಚ್ಚಿದರು. ಒಳಗೆ ಒಂದು ಹಿಡಿ ಕಲ್ಲುಪ್ಪು, ಮೂರು ಒಣಮೆಣಸಿನಕಾಯಿ.

"ಅವ್ವಾ!" ಎಂದರು ಮೇಷ್ಟ್ರು.

"ನೀ ಸುಮ್ಕೆ ಉಣ್ಣು. ಅಷ್ಟ್ ಜನ ನನ್ ಮೊಮ್ಮಗನ್ ಮಕ ನೋಡ್ತಾರೆ, ಓಗ್ವಾಗ ನಿವಾಳ್ಸಣ ಅಂತ ತಂದಿದ್ದೆ. ಇನ್ನೂ ನಿವಾಳ್ಸಿಲ್ಲ, ಉಣ್ಣಕ್ ಬತ್ತದೆ."

ಮೆಣಸಿನಕಾಯಿ ಪಕ್ಕಕ್ಕಿಟ್ಟು, ಒಂದು ಚಿಟಿಕೆ ಉಪ್ಪನ್ನು ತಮ್ಮ ಎಲೆಗೆ ಹಾಕಿಕೊಂಡು ಗಂಟನ್ನು ಮುಂದಕ್ಕೆ ದಾಟಿಸಿದರು. ಆ ಉಪ್ಪು ಎಲೆಯಿಂದ ಎಲೆಗೆ ಹೋಯಿತು. ಕೆಂಪಾಜಮ್ಮ ಕಲಸಿ ಬಾಯಿಗಿಟ್ಟು ಕಣ್ಣು ಮುಚ್ಚಿದರು.

"ಮುದ್ದೆ ಇನ್ನೊಂದಾಕು ಮಗ" ಎಂದರು ಮಾದುವಿಗೆ. ಆಮೇಲೆ ನನ್ನ ಕಡೆ ತಿರುಗಿ, "ಇಷ್ಟ್ ದಪ್ಪ ಬೊಟ್ಟು ಮಡಗ್ಬೇಕಾದ್ರೆ ಕೂಸು ಚೆಂದಾಗೇ ಇರ್ಬೇಕು. ಆದ್ರೂ ವರ್ಸುಕ್ ಒಂದ್ಸಲ ಆದ್ರೂ ಬೊಟ್ಟು ಅಳ್ಸಿ ತೋರ್ಸ್ಬೇಕಪ್ಪ. ಕೂಸಿಗೂ ಗೊತ್ತಾಗ್ಬೇಕಲ್ಲ" ಎಂದರು.

ಮೇಷ್ಟ್ರು ಕೈ ತೊಳೆದುಕೊಂಡು ಬಂದು ಡೈರಿ ತೆಗೆದರು. ಕೆಂಪು ಪೆನ್ನಿನಲ್ಲಿ ಗುರುವಾರವನ್ನು ಪೂರ್ತಿ ಹೊಡೆದುಹಾಕಿದರು. ಸ್ವಲ್ಪ ಯೋಚಿಸಿ ಕೆಳಗೆ ಏನೋ ಬರೆದರು. ನಾನು ಕತ್ತು ಚಾಚಿ ಓದಿದೆ: 'ಸಂಬಂಧ ಒಪ್ಪಿಗೆ. ಊಟ ಕನ್ಯಾಪಕ್ಷದ್ದು, ಉಪ್ಪು ವರನ ಕಡೆಯದು.'

ಅವರೆಲ್ಲ ಹೊರಟ ಮೇಲೆ ಮಾದು, ನಾಗೇಂದ್ರ, ನಾನು ಮೂವರೂ ಹಿತ್ತಿಲಲ್ಲಿ ಪಾತ್ರೆ ಉಜ್ಜುತ್ತಾ ಕೂತೆವು. ಉಪ್ಪು ಹಾಕಿದ ಮೇಲೆ ನಾನು ಆ ಸಾರನ್ನು ನಾಲ್ಕು ಸಲ ಹಾಕಿಸಿಕೊಂಡಿದ್ದೆ, ಬಗ್ಗುವುದಕ್ಕೆ ಆಗುತ್ತಿರಲಿಲ್ಲ.

"ಲೇ ಸ್ವಾಮಿ" ಎಂದ ಮಾದು, ತಲೆಯೆತ್ತದೆ. "ಆ ಗಂಜಿ ಮಿಕ್ಕಿದ್ದಲ್ಲ ಅಂತ ನಿಂಗೆ ಅವತ್ತೇ ಗೊತ್ತಿತ್ತಾ?"

"ಮೊದುಲ್ನೇ ದಿವ್ಸಾನೇ."

ಅವನು ತೊಳೆದ ಪಾತ್ರೆಯನ್ನೇ ಇನ್ನೊಮ್ಮೆ ತೊಳೆದ. "ಇವತ್ತಿನ್ ಸಾರು ಎಂಗಿತ್ತು?"

ನಾನು ಸುತ್ತ ನೋಡಿದೆ. ಬೇಲಿಯಾಚೆ ಯಾರೂ ಇರಲಿಲ್ಲ, ಆದರೂ ಏನು ಹೇಳುವುದು, ಗೋಡೆಯ ಮೇಲೆ ಒಂದು ಕಾಗೆ ಕೂತಿತ್ತು.

"ನಾಯೂ ಮೂಸಲ್ಲ ಕಣ್ಲಾ" ಎಂದೆ.

ಮಾದುವಿನ ಕೈ ನಿಂತಿತು. "ನಾಯೂನಾ?"

"ನಾಯೂನೇ."

ಅವನು ಬೂದಿಗೈಯಲ್ಲೇ ಎದ್ದು ನಿಂತು ಮನೆಯೊಳಕ್ಕೆ ಕೂಗಿದ: "ಯಶೋಧರಾ, ಕೇಳುಸ್ತಾ? ನಾಯೂ ಮೂಸಲ್ವಂತೆ!"

ಅವನ ದನಿಯಲ್ಲಿ ಅಷ್ಟೊಂದು ಹೆಮ್ಮೆಯನ್ನು ನಾನು ಮೂವತ್ತು ವರ್ಷದಲ್ಲಿ ಯಾವತ್ತೂ ಕೇಳಿರಲಿಲ್ಲ.